ಸೆಲ್ವರಾಜ್ ಅವರ ರಿಪೋರ್ಟು ತಲುಪಿದ ಜಾಗ

ಕೋವಿಡ್ ಗಲಾಟೆ ಅಡಗಿ ಎರಡನೇ ವರ್ಷ ನಡೆಯುತ್ತಿತ್ತು. ಶಿವಮೊಗ್ಗದ ದುರ್ಗಿಗುಡಿಯಲ್ಲಿದ್ದ ಒಂದು ಖಾಸಗಿ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ನಾನು ಡೇಟಾಬೇಸ್ ಅಡ್ಮಿನಿಸ್ಟ್ರೇಟರ್ ಆಗಿದ್ದೆ. ಹುದ್ದೆಯ ಹೆಸರು ಉದ್ದ, ಕೋಣೆ ಮಾತ್ರ ಮೆಟ್ಟಿಲ ಕೆಳಗಿನ ಗೂಡು. ಒಂದು ಸರ್ವರ್, ಒಂದು ಮೇಜು, ಸದ್ದು ಮಾಡುವ ಒಂದು ಫ್ಯಾನು. ಕೂತಲ್ಲಿ ಕೂರುವ ಹೆಂಗಸಲ್ಲ ನಾನು. ಕಂಪ್ಯೂಟರು ಒಂದು ನಿಮಿಷ ತಡ ಮಾಡಿದರೂ ಎದ್ದು ಕಾರಿಡಾರಿನಲ್ಲಿ ಎರಡು ಸುತ್ತು ಹಾಕಿ ಬರಬೇಕು. "ಗಿರಿಜಾ ಮೇಡಂ ಕುರ್ಚಿಗೆ ಇರುವೆ ಹತ್ತಿದೆ" ಎಂದು ರಿಸೆಪ್ಷನ್ನಿನವರು ನಗುತ್ತಿದ್ದರು. ನಿವೃತ್ತಿಯಾದ ಮೇಲೂ ಆ ಚಾಳಿ ಹೋಗಿಲ್ಲ. ಇದನ್ನು ಬರೆಯುವಾಗಲೂ ಮೂರು ಸಲ ಎದ್ದಿದ್ದೇನೆ.

ಸುತ್ತಲಿನ ಊರುಗಳಲ್ಲಿ ನಮ್ಮ ಕಲೆಕ್ಷನ್ ಸೆಂಟರುಗಳಿದ್ದವು. ಅಲ್ಲಿ ರಕ್ತ ತೆಗೆದು ಐಸ್ ಪೆಟ್ಟಿಗೆಯಲ್ಲಿ ಇಲ್ಲಿಗೆ ಕಳಿಸುತ್ತಿದ್ದರು. ಪರೀಕ್ಷೆ ಮುಗಿದ ಮೇಲೆ ರಿಪೋರ್ಟು ರೋಗಿಯ ಮೊಬೈಲಿಗೆ ಹೋಗುತ್ತಿತ್ತು. ಈ ನಡುವಿನ ದಾರಿಗೆ ಮೆಸೇಜ್ ಕ್ಯೂ ಎಂದು ಹೆಸರು, ಸಂದೇಶಗಳ ಸರದಿ ಸಾಲು ಎಂದಿಟ್ಟುಕೊಳ್ಳಿ. ರೇಷನ್ ಅಂಗಡಿ ಮುಂದೆ ಜನ ಚೀಲ ಇಟ್ಟು ಹೋಗುತ್ತಾರಲ್ಲ, ಹಾಗೆ ಪ್ರತಿ ರಿಪೋರ್ಟೂ ಡೇಟಾಬೇಸಿನ ಒಂದು ಕೋಷ್ಟಕದಲ್ಲಿ ತನ್ನ ಸರದಿ ಕಾಯುತ್ತದೆ. ಒಂದು ಪ್ರೋಗ್ರಾಂ ಅದನ್ನು ಎತ್ತಿ ಎಸ್ಸೆಮ್ಮೆಸ್ ಕಂಪನಿಗೆ ಕೊಡುತ್ತದೆ. ಫೋನಿಗೆ ಮುಟ್ಟಿದ ರಸೀದಿ ಬಂದರೆ ಅದರ ಮುಂದೆ "ತಲುಪಿದೆ" ಎಂದು ಹಸಿರು ಬಣ್ಣ ಬೀಳುತ್ತದೆ. ಮುಟ್ಟದಿದ್ದರೆ ಐದು ಸಲ ಪ್ರಯತ್ನಿಸಿ, ಆಮೇಲೆ ಡೆಡ್ ಲೆಟರ್ ಕ್ಯೂ ಎಂಬ ಬೇರೆ ಕೋಷ್ಟಕಕ್ಕೆ ದಬ್ಬಿಬಿಡುತ್ತದೆ. ವಿಳಾಸ ಸಿಗದ ಕಾಗದಗಳು ಅಂಚೆ ಕಚೇರಿಯ ಮೂಲೆಯಲ್ಲಿ ಬೀಳುವ ಹಾಗೆ ಅವು ಅಲ್ಲಿ ಬಿದ್ದಿರುತ್ತವೆ. ಪ್ರತಿ ಹೆಜ್ಜೆಯ ಗಂಟೆ, ನಿಮಿಷ, ಸೆಕೆಂಡು ಬರೆದಿಡುವುದು ಲಾಗಿಂಗ್. ಯಾವ ಸಂದೇಶ ಈಗ ಎಲ್ಲಿದೆ ಎಂದು ತೋರಿಸುವುದು ಟ್ರ್ಯಾಕಿಂಗ್. ಎರಡನ್ನೂ ಬರೆದವಳು ನಾನೇ, ಆ ಬಗ್ಗೆ ನನಗೆ ಸಣ್ಣ ಅಹಂಕಾರವೂ ಇತ್ತು.

ಮೊದಲು ಲ್ಯಾಬಿನಲ್ಲಿ ಒಂದು ಕೆಂಪು ರಟ್ಟಿನ ರಿಜಿಸ್ಟರ್ ಇತ್ತು. ಪ್ರಾಣಕ್ಕೆ ಅಪಾಯ ತರುವಂಥ ಫಲಿತಾಂಶ ಬಂದರೆ ಡಾಕ್ಟರೇ ಫೋನ್ ಮಾಡಿ, ಯಾರ ಜೊತೆ ಮಾತಾಡಿದೆ ಎಂದು ಅದರಲ್ಲಿ ಬರೆಯುತ್ತಿದ್ದರು. "ಇದೆಲ್ಲ ಯಾಕೆ ಬೇಕು, ನನ್ನ ಕ್ಯೂ ಮಾಡುತ್ತದೆ" ಎಂದು ಹಟ ಹಿಡಿದು ಅದನ್ನು ನಿಲ್ಲಿಸಿದ್ದೆ. ಅಂಥ ಸಂದೇಶಕ್ಕೆ ಹೆಚ್ಚಿನ ಕಾವಲೂ ಇಟ್ಟಿದ್ದೆ. ಅದರೊಳಗಿನ ಲಿಂಕನ್ನು ಅರ್ಧ ಗಂಟೆಯೊಳಗೆ ಯಾರೂ ತೆರೆಯದಿದ್ದರೆ ರಿಸೆಪ್ಷನ್ನಿನಲ್ಲಿ ಬಜರ್ ಹೊಡೆದುಕೊಳ್ಳುತ್ತಿತ್ತು. ಆಗ ಅವರು ರೋಗಿಗೆ ಫೋನ್ ಮಾಡಬೇಕು.

ಆ ದಿನ ಬೆಳಿಗ್ಗೆ ಒಂಬತ್ತೂ ನಲವತ್ತಕ್ಕೆ ನಮ್ಮ ಪೆಥಾಲಜಿಸ್ಟ್ ಡಾಕ್ಟರ್ ವಿಶಾಲಾಕ್ಷಿ ನನ್ನ ಗೂಡಿಗೆ ಬಂದರು. ಜೋರು ಮಾತಿನವರಲ್ಲ. ಬಾಗಿಲಲ್ಲೇ ನಿಂತು ಕೇಳಿದರು.

"ಗಿರಿಜಾ, ನಿನ್ನೆ ಸಂಜೆ ಭದ್ರಾವತಿಯವರದ್ದು ಒಂದು ಪೊಟ್ಯಾಷಿಯಂ ಏಳು ಪಾಯಿಂಟ್ ಒಂದು ಬಂದಿತ್ತು. ಎರಡು ಸಲ ಮಾಡಿ ನೋಡಿದೆ, ಸ್ಯಾಂಪಲ್ಲೂ ಚೆನ್ನಾಗಿತ್ತು. ಆ ಮನುಷ್ಯ ಎಲ್ಲಾದ್ರೂ ಅಡ್ಮಿಟ್ ಆದ್ರಾ ಗೊತ್ತಾಯ್ತಾ?"

ಪೊಟ್ಯಾಷಿಯಂ ರಕ್ತದಲ್ಲಿರುವ ಒಂದು ಲವಣ. ಐದರ ಆಸುಪಾಸಿನವರೆಗೆ ಸರಿ. ಕಿಡ್ನಿ ಕೆಟ್ಟವರಲ್ಲಿ ಅದು ಏರುತ್ತಾ ಹೋಗುತ್ತದೆ, ಏಳು ದಾಟಿದರೆ ಹೃದಯ ಯಾವ ಕ್ಷಣದಲ್ಲಾದರೂ ನಿಲ್ಲಬಹುದು. ಇಷ್ಟು ನನಗೂ ಗೊತ್ತಿತ್ತು. ಪರದೆಯಲ್ಲಿ ತೆಗೆದು ನೋಡಿದೆ. ಸೆಲ್ವರಾಜ್, ಐವತ್ತೆಂಟು ವರ್ಷ, ವಿಳಾಸ "ಕಾಗದನಗರ, ಭದ್ರಾವತಿ", ಅಷ್ಟೇ. ಕಳಿಸಿದ ಡಾಕ್ಟರು ಎಂಬಲ್ಲಿ "ಸೆಲ್ಫ್", ಅಂದರೆ ತಾವೇ ಬಂದು ಪರೀಕ್ಷೆ ಮಾಡಿಸಿದ್ದಾರೆ. ಸಂದೇಶ ಸಾಲಿಗೆ ಬಂದದ್ದು ಸಂಜೆ ಐದು ಐವತ್ಮೂರಕ್ಕೆ. ತಲುಪಿದ್ದು ಹನ್ನೊಂದು ಸೆಕೆಂಡಿನ ನಂತರ. ಹಸಿರು.

"ತಲುಪಿದೆ ಡಾಕ್ಟ್ರೇ" ಎಂದೆ.

"ಹಸಿರು ಇದೆ ಅಂತ್ಲೇ ನಾನೂ ಮನೆಗೆ ಹೋದೆ. ಆದರೆ ಒಬ್ಬರೂ ಫೋನ್ ಮಾಡಿಲ್ವಲ್ಲ? ಇಷ್ಟು ಕೆಟ್ಟ ರಿಪೋರ್ಟ್ ನೋಡಿ ಯಾರಾದ್ರೂ ಸುಮ್ಮನೆ ಇರ್ತಾರಾ?"

ಲಿಂಕ್ ತೆರೆದ ದಾಖಲೆ ಇರಲಿಲ್ಲ. ಬಜರ್ ಹೊಡೆದ ದಾಖಲೆಯೂ ಇರಲಿಲ್ಲ. ಎರಡರಲ್ಲಿ ಒಂದು ಇರಲೇಬೇಕು. ಆ ನಂಬರಿಗೆ ಫೋನ್ ಹಚ್ಚಿದೆ. ನಾಲ್ಕು ಸಲ ರಿಂಗಾಗಿ ಒಬ್ಬ ಗಂಡಸು ಎತ್ತಿದ.

"ಸೆಲ್ವರಾಜ್ ಅವರಾ? ನಾನು ಶಿವಮೊಗ್ಗ ಲ್ಯಾಬಿಂದ ಮಾತಾಡ್ತಿರೋದು."

"ಯಾವ ಸೆಲ್ವರಾಜು ಅಕ್ಕಾ? ಇದು ಮೊಬೈಲ್ ರಿಪೇರಿ ಅಂಗಡಿ, ಓಲ್ಡ್ ಟೌನ್ ಭದ್ರಾವತಿ. ಈ ಫೋನು ನಮ್ ಮುಬೀನಕ್ಕಂದು. ನಿನ್ನೆ ನಾಲ್ಕೂವರೆಗೆ ಡಿಸ್ಪ್ಲೇ ಒಡ್ಕೊಂಡು ಕೊಟ್ಟೋದ್ರು. ಈಗಷ್ಟೇ ಹೊಸದು ಹಾಕ್ದೆ. ರಾತ್ರಿಯೆಲ್ಲ ಡ್ರಾದಾಗೇ ಇತ್ತು, ಟುಂಯ್ ಟುಂಯ್ ಅಂತಿತ್ತು."

ಮುಬೀನಾ ಎಂದರೆ ಓಲ್ಡ್ ಟೌನಿನಲ್ಲಿದ್ದ ನಮ್ಮ ಸೆಂಟರಿನ ಇನ್‌ಚಾರ್ಜ್. ಹದಿನಾರು ವರ್ಷದಿಂದ ರಕ್ತ ತೆಗೆಯುತ್ತಿದ್ದವಳು. ಅವಳ ಕೈ ಬಿದ್ದರೆ ಸೂಜಿ ಗೊತ್ತೇ ಆಗುವುದಿಲ್ಲ ಎಂದು ಹೆದರುಪುಕ್ಕಲರೆಲ್ಲ ಅವಳನ್ನೇ ಹುಡುಕಿಕೊಂಡು ಬರುತ್ತಿದ್ದರು. ಸೆಲ್ವರಾಜ್ ಎಂಬ ರೋಗಿಯ ಹೆಸರಿನ ಮುಂದೆ ಅವಳ ನಂಬರು ಯಾಕಿದೆ? ಸೆಂಟರಿಗೆ ಫೋನ್ ಮಾಡಿದೆ. ಬದಲಿಗೆ ಕೂತಿದ್ದ ಹುಡುಗಿ "ಮುಬೀನಕ್ಕ ಇವತ್ತು ರಜಾ ಮೇಡಂ, ಅವರ ನಾದಿನಿ ಮನೆಗೆ ತರೀಕೆರೆಗೆ ಹೋಗಿದಾರೆ. ಸೆಲ್ವರಾಜ್ ಯಾರೋ ನನಗೆ ಗೊತ್ತಿಲ್ಲ" ಎಂದಳು. ಮುಬೀನಾಳ ಫೋನು ಅಂಗಡಿಯಲ್ಲಿ, ಮುಬೀನಾ ತರೀಕೆರೆಯಲ್ಲಿ, ಸೆಲ್ವರಾಜ್ ಎಲ್ಲಿದ್ದಾರೋ ದೇವರೇ ಬಲ್ಲ.

ನಾನು ಆ ನಂಬರು ಹಾಕಿ ಇಡೀ ಲಾಗನ್ನು ಹುಡುಕಿದೆ. ಮೂರು ತಿಂಗಳಲ್ಲಿ ಇಪ್ಪತ್ತೇಳು ಸಂದೇಶ, ಇಪ್ಪತ್ತೇಳು ಬೇರೆ ಬೇರೆ ರೋಗಿಗಳು, ಎಲ್ಲರೂ ಭದ್ರಾವತಿಯವರು. ಡಾಕ್ಟರು ಹೆಗಲ ಮೇಲಿಂದ ಬಗ್ಗಿ ಒಂದೊಂದೇ ಹೆಸರು ನೋಡುತ್ತಾ ಹೋದರು. "ಇದು ಕ್ಯಾನ್ಸರ್. ಇದು ಕಿಡ್ನಿ. ಇದೂ ಕ್ಯಾನ್ಸರ್. ಗಿರಿಜಾ, ಒಂದಾದ್ರೂ ಒಳ್ಳೆ ರಿಪೋರ್ಟ್ ಇಲ್ವಲ್ಲ ಮಾರಾಯ್ತಿ ಇದರಲ್ಲಿ!"

ಆಗ ನನಗೆ ಆ ನಂಬರಿನ ಕೊನೆಯ ನಾಲ್ಕು ಅಂಕಿ ಗುರುತು ಸಿಕ್ಕಿತು. ಏಳು ತಿಂಗಳ ಹಿಂದೆ ರಿಸೆಪ್ಷನ್ನಿನವರು ಬಂದು ದೂರಿದ್ದರು, "ಮೇಡಂ, ಭದ್ರಾವತಿಯ ಯಾವುದೋ ಒಂದೇ ನಂಬರಿಗೆ ಪದೇ ಪದೇ ಬಜರ್ ಹೊಡ್ಕೊಳ್ತಿದೆ, ಫೋನ್ ಮಾಡಿದ್ರೆ ನೋಡ್ಕೊಂಡಿದೀವಿ ಅಂತಾರೆ, ತಲೆ ಚಿಟ್ಟು ಹಿಡೀತಿದೆ" ಎಂದು. ನಾನು ಬೇರೆ ಏನೋ ಕೆಲಸದ ಗಡಿಬಿಡಿಯಲ್ಲಿದ್ದೆ. ಒಂದೇ ನಂಬರಿಗೆ ಅಷ್ಟು ಜನರ ಹೆಸರು ಎಂದರೆ ಸೆಂಟರಿನವರು ಕೆಲಸ ಕಲಿಯಲು ಬಳಸುವ ಟೆಸ್ಟ್ ನಂಬರು ಇರಬೇಕು ಎಂದು ನಾನೇ ತೀರ್ಮಾನಿಸಿಕೊಂಡೆ. ಬಜರ್ ಹೊಡೆಯಬಾರದ ನಂಬರುಗಳದ್ದೇ ಒಂದು ಪಟ್ಟಿ ಇತ್ತು. ಅದಕ್ಕೆ ಸೇರಿಸಿದೆ. ಅರ್ಧ ನಿಮಿಷದ ಕೆಲಸ. ಯಾರನ್ನೂ ಕೇಳಲಿಲ್ಲ.

ಡಾಕ್ಟರಿಗೆ ಆಗಲೇ ಹೇಳಿದೆನೇ? ಇಲ್ಲ. "ಮೊದಲು ಆ ಮನುಷ್ಯನನ್ನ ಹುಡುಕೋಣ" ಎಂದೆ. ಅದು ಸರಿಯಾದ ಮಾತೇ, ಆದರೆ ನನಗೆ ಮರೆಯಾಗಿಯೂ ಒದಗಿತು. ಸುಳ್ಳು ಯಾಕೆ ಹೇಳಲಿ.

ಸೆಲ್ವರಾಜ್ ಮೊದಲೊಮ್ಮೆ ಪರೀಕ್ಷೆ ಮಾಡಿಸಿದ್ದರೆ ಅವರ ನಿಜವಾದ ನಂಬರು ಹಳೆಯ ಸಂದೇಶದಲ್ಲಿ ಇರಬೇಕು. ಆದರೆ ಡಿಸ್ಕ್ ತುಂಬುತ್ತದೆಂದು ತೊಂಬತ್ತು ದಿನಕ್ಕಿಂತ ಹಳೆಯವನ್ನೆಲ್ಲ ಅಳಿಸುವ ಏರ್ಪಾಡನ್ನು ನಾನೇ ಮಾಡಿಟ್ಟಿದ್ದೆ. ಹುಡುಕಿದೆ, ಸೊನ್ನೆ. ಎದ್ದು ಕಾರಿಡಾರಿಗೆ ಹೋದೆ, ವಾಪಸು ಬಂದೆ, ಮತ್ತೆ ಹೋದೆ. ಡಾಕ್ಟರು "ಒಂದು ಕಡೆ ನಿಂತ್ಕೊಳ್ಳಿ, ನನಗೂ ತಲೆ ತಿರುಗ್ತಿದೆ" ಎಂದು ಗದರಿದರು. ನಾನು ಕಾಗದನಗರದಲ್ಲಿ ಪರಿಚಯದವರು ಯಾರಿದ್ದಾರೆಂದು ನೆನಪು ಮಾಡಿಕೊಳ್ಳುತ್ತಿದ್ದೆ. ಮುಚ್ಚಿಹೋದ ಕಾಗದ ಕಾರ್ಖಾನೆಯ ಕ್ವಾರ್ಟರ್ಸು, ಸಾಲು ಸಾಲು ಮನೆ, ಅರ್ಧಕ್ಕರ್ಧ ಬೀಗ. ಅಲ್ಲಿ ಸೆಲ್ವರಾಜ್ ಎಂದು ಕೂಗಿದರೆ ಹತ್ತು ಜನ ತಿರುಗಿ ನೋಡುತ್ತಾರೆ.

ಆ ಓಡಾಟದಲ್ಲೇ ಡೆಡ್ ಲೆಟರ್ ಕ್ಯೂ ನೆನಪಾಯಿತು. ಅಳಿಸುವ ಪ್ರೋಗ್ರಾಮನ್ನು ಬರೆಯುವಾಗ ಸೋಮಾರಿತನದಿಂದ ತಲುಪಿದ ಸಂದೇಶಗಳಿಗೆ ಮಾತ್ರ ಬರೆದಿದ್ದೆ. ತಲುಪದೇ ಸೋತವು ಹಾಗೇ ಬಿದ್ದಿದ್ದವು, ಯಾರೂ ತೆರೆದು ನೋಡದ ನಾಲ್ಕು ಸಾವಿರ ಚಿಲ್ಲರೆ ಸಾಲು. ಹೆಸರು ಹಾಕಿ ಹುಡುಕಿದೆ. ಒಂದೇ ಒಂದು ಸಿಕ್ಕಿತು. ಸೆಲ್ವರಾಜ್, ಕಾಗದನಗರ, ಹನ್ನೊಂದು ತಿಂಗಳ ಹಿಂದಿನ ಸಕ್ಕರೆ ಪರೀಕ್ಷೆ. ಆ ದಿನ ಫೋನು ಸಂಪರ್ಕದಲ್ಲಿರಲಿಲ್ಲ ಎಂದು ಸೋತಿತ್ತು. ಆದರೆ ನಂಬರು ಇತ್ತು! ನಾನು ಎಷ್ಟು ಜೋರಾಗಿ ಕಿರುಚಿದೆನೆಂದರೆ ರಕ್ತ ಕೊಡಲು ಬಂದವರೂ ಇಣುಕಿ ನೋಡಿದರು.

ಹತ್ತೂ ಇಪ್ಪತ್ತಕ್ಕೆ ಫೋನ್ ಮಾಡಿದೆ. ರಿಂಗಾಯಿತು, ಯಾರೂ ಎತ್ತಲಿಲ್ಲ. ಮತ್ತೆ ಮಾಡಿದೆ. ಮತ್ತೆ. ಪ್ರತಿ ಸಲ ಕೊನೆಯವರೆಗೂ ಹೊಡೆದುಕೊಂಡು ನಿಂತುಹೋಗುತ್ತಿತ್ತು. ಯಾರದೋ ಮನೆಯಲ್ಲಿ ಫೋನು ಬಡಿದುಕೊಳ್ಳುತ್ತಿದೆ, ಅದರ ಪಕ್ಕದಲ್ಲೇ ಆ ಮನುಷ್ಯ ನೆಲದ ಮೇಲೆ ಬಿದ್ದಿದ್ದಾನೆ ಎಂದು ನನ್ನ ಮನಸ್ಸು ಚಿತ್ರ ಬಿಡಿಸತೊಡಗಿತು. ಏಳನೇ ಸಲಕ್ಕೆ ಒಬ್ಬ ಹೆಂಗಸು ಎತ್ತಿದರು. ಹಿಂದೆ ಪಾತ್ರೆಗಳ ಸದ್ದು, ಮಕ್ಕಳ ಗಲಾಟೆ.

"ಯಾರ್ರೀ ಅದು, ಹಿಂಗೆ ಹೊಡ್ಕೊಳ್ತಾನೇ ಇದೀರಾ? ಬೇಳೆ ಒಲೆ ಮೇಲಿದೆ."

ಅವರು ಸೆಲ್ವರಾಜ್ ಅವರ ಹೆಂಡತಿ ಕಸ್ತೂರಿ. ಓಲ್ಡ್ ಟೌನಿನ ಒಂದು ಶಾಲೆಯಲ್ಲಿ ಬಿಸಿಯೂಟ ಮಾಡುತ್ತಿದ್ದರು. ಫೋನು ಚೀಲದಲ್ಲಿತ್ತು. ಲ್ಯಾಬು ಎಂದ ಕೂಡಲೇ ಅವರ ದನಿ ಇಳಿಯಿತು.

"ಮುಬೀನಾ ನಾಳೆ ಹೇಳ್ತೀನಿ ಅಂದಿದ್ಲು. ಏನಾಯ್ತು ಮೇಡಂ?"

"ಯಜಮಾನ್ರು ಎಲ್ಲಿದಾರಮ್ಮ?"

"ಮನೇಲೇ. ಬೆಳಿಗ್ಗೆಯಿಂದ ಕಾಲು ಎತ್ತಕ್ಕೇ ಆಗ್ತಿಲ್ಲ ಅಂತ ಮಲಗಿದಾರೆ. ಸುಸ್ತು ಅಂದ್ರು. ನಿನ್ನೆ ಎರಡು ಎಳನೀರು ಕುಡಿಸ್ದೆ, ಇವತ್ತೊಂದು ಕುಡಿಸಿ ಬಂದೆ. ಇನ್ನೆರಡು ತಲೆದಿಂಬಿನ ಹತ್ರಾನೇ ಕೆತ್ತಿ ಇಟ್ಟಿದೀನಿ."

ಸ್ಪೀಕರಿನಲ್ಲಿ ಕೇಳುತ್ತಿದ್ದ ಡಾಕ್ಟರು ನನ್ನ ಕೈಯಿಂದ ಫೋನು ಕಿತ್ತುಕೊಂಡರು. ನಮ್ಮ ಕಡೆ ಯಾರಿಗೆ ಸುಸ್ತಾದರೂ ಮೊದಲು ಎಳನೀರು. ಆದರೆ ಎಳನೀರಿನ ತುಂಬ ಪೊಟ್ಯಾಷಿಯಂ. ಆ ತಾಯಿ ಪ್ರೀತಿಯಿಂದ ಕುಡಿಸಿದ ಒಂದೊಂದು ಕಾಯಿಯೂ ಗಂಡನ ಎದೆಗೆ ಕುತ್ತು ತರುತ್ತಿತ್ತು.

"ಅಮ್ಮಾ, ಕಸ್ತೂರಮ್ಮ, ಗಮನ ಇಟ್ಟು ಕೇಳಿ" ಎಂದರು ಡಾಕ್ಟರು. "ಇನ್ನೊಂದು ಹನಿ ಎಳನೀರು ಕುಡಿಬಾರದು. ಪಕ್ಕದ ಮನೆಯವರಿಗೆ ಈಗ್ಲೇ ಫೋನ್ ಮಾಡಿ ಹೇಳಿ, ಅದನ್ನ ಚೆಲ್ಲಿಬಿಡಲಿ. ನಾನು ಆಂಬುಲೆನ್ಸ್ ಕಳಿಸ್ತೀನಿ. ಅವರನ್ನ ನಡೆಸಬೇಡಿ, ಎತ್ತಿಕೊಂಡೇ ಹೋಗಬೇಕು. ಮನೆ ನಂಬರ್ ಹೇಳಿ."

"ಅಯ್ಯೋ ಮುರುಗಾ" ಎಂದದ್ದು ಕೇಳಿತು. ಆಮೇಲೆ ಮನೆ ನಂಬರು ಹೇಳಿದರು, ತಪ್ಪಿ ಒಂದು ಸಲ, ಸರಿಯಾಗಿ ಒಂದು ಸಲ.

ಹನ್ನೊಂದೂ ಹತ್ತಕ್ಕೆ ಅವರನ್ನು ಭದ್ರಾವತಿಯ ಆಸ್ಪತ್ರೆಗೆ ಮುಟ್ಟಿಸಿದರು. ಇಸಿಜಿಯಲ್ಲಿ ಹೃದಯದ ಬಡಿತ ಆಗಲೇ ಹದ ತಪ್ಪಿತ್ತಂತೆ. ಇಂಜೆಕ್ಷನ್ ಕೊಟ್ಟು, ತಹಬಂದಿಗೆ ತಂದು, ಶಿವಮೊಗ್ಗಕ್ಕೆ ಡಯಾಲಿಸಿಸ್‌ಗೆ ಕಳಿಸಿದರು. ಇಲ್ಲಿಯ ಆಸ್ಪತ್ರೆಗೆ ಅವರು ಬರುವಷ್ಟರಲ್ಲಿ ನಾನು ಸ್ಕೂಟರಿನಲ್ಲಿ ಹೋಗಿ ಗೇಟಿನಲ್ಲಿ ನಿಂತಿದ್ದೆ. ನನಗೆ ಅಲ್ಲಿ ಏನೂ ಕೆಲಸವಿರಲಿಲ್ಲ. ಲ್ಯಾಬಿನಲ್ಲಿ ಕೂರಲು ಆಗಲಿಲ್ಲ, ಅಷ್ಟೇ. ಸ್ಟ್ರೆಚರಿನಲ್ಲಿ ಒಬ್ಬ ಬಡಕಲು ಮನುಷ್ಯ, ದಪ್ಪ ಮೀಸೆ, ಊದಿದ ಪಾದ. ಕಣ್ಣು ಬಿಟ್ಟುಕೊಂಡಿದ್ದರು. ಅವರು ಬದುಕಿದ್ದಾರೆಂದು ನೋಡಿ ನನಗೆ ಅಳು ಬಂತು. ಗೋಡೆ ಕಡೆ ತಿರುಗಿ ಅತ್ತೆ.

ಡಯಾಲಿಸಿಸ್ ಕೋಣೆಯ ಹೊರಗೆ ಬೆಂಚಿನ ಮೇಲೆ ಕಸ್ತೂರಮ್ಮ ಕೂತಿದ್ದರು. ಸೀರೆಯಲ್ಲಿ ಸಾಂಬಾರಿನ ವಾಸನೆ. ನಾನು ಯಾರೆಂದು ಹೇಳಿದೆ. ರಿಪೋರ್ಟು ನಿಮಗೆ ಬರಬೇಕಿತ್ತು, ಬೇರೆ ಕಡೆ ಹೋಯಿತು, ನಮ್ಮ ತಪ್ಪು ಎಂದೆ. ಅವರು ತಲೆ ಅಲ್ಲಾಡಿಸಿದರು.

"ಮುಬೀನಾಗೆ ಹೇಳಿದ್ದು ನಾನೇ ಮೇಡಂ. ಇವರ ಅಣ್ಣ ಡಯಾಲಿಸಿಸ್ ಅಂತ ಶುರು ಮಾಡಿ ಮೂರೇ ತಿಂಗಳಿಗೆ ಹೋದ್ರು. ಅದನ್ನ ನೋಡಿ ಇವರಿಗೆ ಕಿಡ್ನಿ ಅಂದ್ರೇನೇ ಜೀವ ಹೋಗುತ್ತೆ. ಫೋನು ಮನೇಲಿ ಒಂದೇ, ಅವರೂ ನೋಡ್ತಾರೆ. ಏನೇ ಬಂದ್ರೂ ಅವರಿಗೆ ಹೇಳ್ಬೇಡ, ನಂಗೆ ಮಾತ್ರ ಹೇಳು ಅಂದಿದ್ದೆ. ಎಲ್ಲಾರೂ ಹಂಗೇ ತಾನೇ ಮಾಡೋದು?"

ಹೌದು, ಎಲ್ಲರೂ ಹಾಗೇ ಮಾಡುವುದು. ನನ್ನ ತಾಯಿಗೆ ಕಾಯಿಲೆ ಬಂದಾಗ ನಾವೂ ಹಾಗೇ ಮಾಡಿದ್ದೆವು. ಅವರಿಗೆ ಬರೇ ಗ್ಯಾಸು ಎಂದು ಹೇಳಿ, ಫೈಲನ್ನು ಬೀರುವಿನಲ್ಲಿ ಬಟ್ಟೆಯ ಕೆಳಗೆ ಇಟ್ಟಿದ್ದೆವು.

ನಾಲ್ಕು ಗಂಟೆಗೆ ಮುಬೀನಾ ಬಂದಳು. ತರೀಕೆರೆಯಿಂದ ಬಂದು, ಫೋನು ತೆಗೆದುಕೊಳ್ಳಲು ಅಂಗಡಿಗೆ ಹೋದಾಗ ವಿಷಯ ಗೊತ್ತಾಗಿ, ಅದೇ ಕಾಲಲ್ಲಿ ಬಸ್ಸು ಹತ್ತಿದ್ದಳು. ಕಸ್ತೂರಮ್ಮನ ಕೈ ಹಿಡಿದು ಸ್ವಲ್ಪ ಹೊತ್ತು ಕೂತು, ಆಮೇಲೆ ನನ್ನ ಕಡೆ ಬಂದಳು. ನನಗೆ ಅಷ್ಟೊತ್ತಿಗೆ ಭಯವೆಲ್ಲ ಸಿಟ್ಟಾಗಿ ತಿರುಗಿತ್ತು.

"ಇಪ್ಪತ್ತೇಳು ಜನರ ರಿಪೋರ್ಟು ನಿನ್ನ ಫೋನಿಗೆ ತಿರುಗಿಸಿದೀಯಲ್ಲ ಮುಬೀನಾ, ತಲೆ ನೆಟ್ಟಗಿದೆಯಾ ನಿನಗೆ?"

"ಬೈಯಿರಿ ಮೇಡಂ. ಬೈಸ್ಕೊಳ್ಳೋ ಕೆಲಸಾನೇ ಮಾಡಿದೀನಿ" ಎಂದಳು. ಕಣ್ಣೊರೆಸಿಕೊಂಡು ಮುಂದುವರಿಸಿದಳು. "ಆದ್ರೆ ನಿಮ್ ಮೆಸೇಜು ಹೆಂಗಿರುತ್ತೆ ಗೊತ್ತಾ? ಒಂದು ಹೆಣ್ಣುಮಗಳು, ಬಸ್ಸಲ್ಲಿ ನಿಂತ್ಕೊಂಡು ಹೋಗ್ತಾ ಇದ್ಲು. ಟುಂಯ್ ಅಂತ ಬಂತು. ಒತ್ತಿದ್ಲು. ಕ್ಯಾನ್ಸರ್ ಅಂತ ಬರೆದಿತ್ತು. ಪಕ್ಕದಲ್ಲಿ ಒಬ್ರೂ ಇಲ್ಲ. ಅವಳು ಮಾರನೇ ದಿನ ಬಂದು ನನ್ನ ಕೇಳಿದ್ಲು, ಅಕ್ಕಾ, ಇದನ್ನ ನೀವು ಕೂರಿಸ್ಕೊಂಡು ಹೇಳ್ಬಾರದಿತ್ತಾ ಅಂತ. ಅಲ್ಲಾ ಕಸಮ್ ಮೇಡಂ, ಅವತ್ತಿಂದ ಶುರು ಮಾಡಿದ್ದು. ಮುಖ ನೋಡಿದ್ರೆ ಯಾರದು ಕೆಟ್ಟದ್ದು ಬರುತ್ತೆ ಅಂತ ಗೊತ್ತಾಗುತ್ತೆ ನಂಗೆ. ಅಂಥವರಿಗೆ ನನ್ನ ನಂಬರ್ ಹಾಕ್ತಿದ್ದೆ. ಬಂದ ಕೂಡ್ಲೇ ಮನೆಯವರನ್ನ ಕರೆಸಿ, ಟೀ ಕುಡಿಸಿ ಹೇಳ್ತಿದ್ದೆ. ಒಂದು ದಿನಾನೂ ತಪ್ಪಿಸಿಲ್ಲ. ಇವರದ್ದು ನಿನ್ನೆ ಸಂಜೆ ಪೆಟ್ಟಿಗೆಲಿ ಹೋಗುತ್ತೆ, ರಿಪೋರ್ಟು ಇವತ್ತು ಸಂಜೆ ಬರುತ್ತೆ ಅನ್ಕೊಂಡಿದ್ದೆ. ಮಧ್ಯಾಹ್ನದ ಪೆಟ್ಟಿಗೇಲೇ ಹೋಗಿಬಿಟ್ಟಿತ್ತು. ಒಂದೇ ಒಂದು ದಿನ ಮೇಡಂ."

ಅವಳ ಒಂದು ದಿನದ ತಪ್ಪನ್ನು ಹಿಡಿಯಲೆಂದೇ ಆ ಬಜರ್ ಇದ್ದದ್ದು. ಅದರ ಬಾಯಿ ಮುಚ್ಚಿಸಿದವಳು ನಾನು.

ಎರಡು ದಿನ ಬಿಟ್ಟು ಮಾಲೀಕರು ವಿಚಾರಣೆ ಕರೆದರು. ಅದರ ಹಿಂದಿನ ದಿನ ಮಧ್ಯಾಹ್ನ ನನ್ನ ಗೂಡಿನಲ್ಲಿ ಬಾಗಿಲು ಹಾಕಿಕೊಂಡು ಕೂತಿದ್ದೆ. ಬಜರ್ ಹೊಡೆಯಬಾರದ ಪಟ್ಟಿಯಲ್ಲಿ ಆ ಸಾಲು ಕಣ್ಣೆದುರೇ ಇತ್ತು. ನಂಬರು, ತಾರೀಕು, ಸೇರಿಸಿದವರು ಗಿರಿಜಾ, ಕಾರಣ "ಟೆಸ್ಟ್ ನಂಬರ್". ಅದನ್ನು ಅಳಿಸುವ ಅಧಿಕಾರ ಇಡೀ ಲ್ಯಾಬಿನಲ್ಲಿ ನನಗೊಬ್ಬಳಿಗೇ ಇತ್ತು. ಅಳಿಸಿದರೆ ಬಜರ್ ಯಾಕೆ ಹೊಡೆಯಲಿಲ್ಲ ಎಂಬುದು ಯಾರಿಗೂ ತಿಳಿಯದ ತಾಂತ್ರಿಕ ದೋಷವಾಗಿ ಉಳಿಯುತ್ತಿತ್ತು. ನಿವೃತ್ತಿಗೆ ಎರಡೂವರೆ ವರ್ಷವಿತ್ತು. ಅಳಿಸುವ ಆದೇಶವನ್ನು ಟೈಪ್ ಮಾಡಿಯೂ ಬಿಟ್ಟೆ. ಆಮೇಲೆ ಎದ್ದು ಹೊರಗೆ ಹೋಗಿ, ದುರ್ಗಿಗುಡಿಯ ರಸ್ತೆಯಲ್ಲಿ ಬಿಸಿಲಲ್ಲಿ ಸುಮ್ಮನೆ ನಡೆದೆ. ಮುಬೀನಾಳ ಹದಿನಾರು ವರ್ಷ ಒಂದು ಕಡೆ, ನನ್ನ ಎರಡೂವರೆ ವರ್ಷ ಇನ್ನೊಂದು ಕಡೆ. ವಾಪಸು ಬಂದು ಆ ಆದೇಶವನ್ನು ತೆಗೆದುಹಾಕಿ, ಸಾಲನ್ನು ಪ್ರಿಂಟ್ ಮಾಡಿಕೊಂಡೆ. ಧೈರ್ಯ ಬಂದಿತ್ತೆಂದಲ್ಲ. ಅಳಿಸಿದ ಮೇಲೆ ಅವಳ ಮುಖ ನೋಡುವುದು ಹೇಗೆಂದು ಹೊಳೆಯಲಿಲ್ಲ.

ವಿಚಾರಣೆಯಲ್ಲಿ ಮಾಲೀಕರು ಮುಬೀನಾಳನ್ನು ಅಂದೇ ಕೆಲಸದಿಂದ ತೆಗೆಯುವ ಮಾತಾಡುತ್ತಿದ್ದಾಗ ಕಾಗದವನ್ನು ಮೇಜಿನ ಮೇಲಿಟ್ಟೆ. ಅವರು ಎರಡು ಸಲ ಓದಿದರು.

"ಸೇರಿಸೋ ಮುಂಚೆ ಒಂದು ಫೋನ್ ಮಾಡಿ ಕೇಳಬಹುದಿತ್ತಲ್ಲ ಗಿರಿಜಮ್ಮ?"

"ಕೇಳಬಹುದಿತ್ತು ಸರ್. ಕೇಳಲಿಲ್ಲ. ಅವಳನ್ನ ತೆಗೆಯೋದಾದ್ರೆ ನನ್ನನ್ನೂ ತೆಗೀಬೇಕು."

ಡಾಕ್ಟರ್ ವಿಶಾಲಾಕ್ಷಿಯವರು "ಹಸಿರು ನೋಡಿ ಮನೆಗೆ ಹೋದವಳು ನಾನು, ನನ್ನ ಹೆಸರೂ ಬರ್ಕೊಳ್ಳಿ" ಎಂದರು. ಮಾಲೀಕರು ಒಳ್ಳೆಯ ಮನುಷ್ಯರೇ, ಆದರೆ ಸಿಟ್ಟು ಇಳಿಯಲು ಅರ್ಧ ಗಂಟೆ ಹಿಡಿಯಿತು. ಕೊನೆಗೆ ಮುಬೀನಾಳಿಗೂ ನನಗೂ ಎಚ್ಚರಿಕೆಯ ಪತ್ರ ಕೊಟ್ಟರು. ಕೆಂಪು ರಟ್ಟಿನ ರಿಜಿಸ್ಟರ್ ಮತ್ತೆ ಬಂತು. ಕ್ಯೂವನ್ನು ಹದಿನೈದು ದಿನದಲ್ಲಿ ಸರಿಪಡಿಸಬೇಕು ಎಂದು ನನಗೆ ಆದೇಶವಾಯಿತು.

ಸರಿಪಡಿಸಿದೆ, ಹಗಲೆಲ್ಲ ಕೂತು. ರೋಗಿಯ ನಂಬರನ್ನು ಒ.ಟಿ.ಪಿ. ಕಳಿಸಿ ಖಚಿತ ಮಾಡಿಕೊಳ್ಳದೆ ಮುಂದೆ ಹೋಗದಂತೆ ಮಾಡಿದೆ. ಬಜರ್ ಹೊಡೆಯಬಾರದ ಪಟ್ಟಿಗೆ ಯಾವ ನಂಬರು ಸೇರಿಸಬೇಕಾದರೂ ಡಾಕ್ಟರ ಒಪ್ಪಿಗೆ ಬೇಕು ಎಂದೆ. "ತಲುಪಿದೆ" ಎಂಬುದರ ಹಸಿರನ್ನು ಹಳದಿ ಮಾಡಿದೆ. ಒಬ್ಬ ಮನುಷ್ಯ ಇನ್ನೊಬ್ಬ ಮನುಷ್ಯನಿಗೆ ಬಾಯಲ್ಲಿ ಹೇಳಿ, ಯಾರಿಗೆ ಹೇಳಿದೆ ಎಂದು ಹೆಸರು ಬರೆದ ಮೇಲೆ ಮಾತ್ರ ಹಸಿರು. ಮುಬೀನಾಳ ಮಾತನ್ನೂ ಬಿಡಲಿಲ್ಲ. ನೋಂದಣಿಯ ಪರದೆಯಲ್ಲಿ ಹೊಸ ಪ್ರಶ್ನೆ ಸೇರಿಸಿದೆ: "ಗಂಭೀರ ರಿಪೋರ್ಟು ಬಂದರೆ ಮೊದಲು ಯಾರಿಗೆ ಹೇಳಬೇಕು?" ಅದರ ಮುಂದೆ ಒತ್ತಿದರೆ ಬಿಚ್ಚಿಕೊಳ್ಳುವ ಪಟ್ಟಿ. ಡಾಕ್ಟರಿಗೆ ತೋರಿಸಿದೆ, ಮೆಚ್ಚಿದರು. ಮಾಲೀಕರೂ ಬೆನ್ನು ತಟ್ಟಿದರು. ನನಗೂ ಅಂತೂ ಈ ಸಲ ಸರಿಯಾಗಿ ಮಾಡಿದೆ ಎನ್ನಿಸಿತು.

ಅದನ್ನು ಪರೀಕ್ಷಿಸಲು ನಾನೇ ಓಲ್ಡ್ ಟೌನಿನ ಸೆಂಟರಿಗೆ ಹೋಗಿದ್ದ ದಿನ ಸೆಲ್ವರಾಜ್ ಬಂದರು. ವಾರಕ್ಕೆರಡು ಡಯಾಲಿಸಿಸ್ ನಡೆಯುತ್ತಿತ್ತು. ಪಾದದ ಊತ ಇಳಿದಿತ್ತು. ಕಸ್ತೂರಮ್ಮ ಪಕ್ಕದಲ್ಲಿ ಚೀಲ ಹಿಡಿದು ನಿಂತರು. ಮುಬೀನಾ ಹೆಸರು, ವಯಸ್ಸು, ನಂಬರು ಹಾಕಿ, ಹೊಸ ಪ್ರಶ್ನೆಗೆ ಬಂದಳು. ಪ್ರಶ್ನೆ ಓದಿದ್ದು ಗಟ್ಟಿಯಾಗಿ, ನೋಡಿದ್ದು ಕಸ್ತೂರಮ್ಮನ ಮುಖವನ್ನು. ನಾನೂ ಅತ್ತಲೇ ನೋಡಿದೆ.

"ನಂಗೇ ಹೇಳು ಮುಬೀನಾ" ಎಂದರು ಕಸ್ತೂರಮ್ಮ.

ಸೆಲ್ವರಾಜ್ ಅಷ್ಟು ಹೊತ್ತು ಅಂಗಿಯ ತೋಳು ಮಡಚುತ್ತಿದ್ದರು. ಕೈ ನಿಲ್ಲಿಸಿದರು.

"ಏನಮ್ಮಾ ಇದು? ರಕ್ತ ನಂದು, ನೋವು ನಂದು. ಅವತ್ತು ರಿಪೋರ್ಟು ಮುಬೀನಾ ಫೋನಲ್ಲಿತ್ತು, ರಿಪೇರಿ ಅಂಗಡಿ ಡ್ರಾದಲ್ಲಿತ್ತು, ಶಿವಮೊಗ್ಗದಲ್ಲಿ ಈ ಮೇಡಂ ಹತ್ರ ಇತ್ತು. ಸಾಯಕ್ಕೆ ಬಿದ್ದಿದ್ದೋನು ನಾನು, ನಂಗೊಬ್ಬನಿಗೇ ಗೊತ್ತಿರ್ಲಿಲ್ಲ. ಗೊತ್ತಿದ್ರೆ ಆ ಮೂರನೇ ಎಳನೀರು ನಾನು ಮುಟ್ತಿದ್ನಾ? ಮೂವತ್ತು ವರ್ಷ ಕಾರ್ಖಾನೇಲಿ ಬಾಯ್ಲರ್ ಪಕ್ಕ ನಿಂತಿದ್ದೋನು. ಗೇಜಿನ ಮುಳ್ಳು ಕೆಂಪಿಗೆ ಹೋದ್ರೆ ನಾನೇ ನೋಡ್ತಿದ್ದೆ, ನನ್ನ ಹೆಂಡ್ತಿಗೆ ತೋರಿಸ್ತಿರ್ಲಿಲ್ಲ. ನಂಗೇ ಹೇಳ್ರೀ, ಮೊದ್ಲು ನಂಗೇ ಹೇಳಿ."

ಕಸ್ತೂರಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಮುಬೀನಾ "ಆಯ್ತು ಅಣ್ಣಾ, ನಿಮಗೇ" ಎಂದು ಪರದೆಗೆ ತಿರುಗಿ ಪಟ್ಟಿ ಬಿಚ್ಚಿದಳು. ಮೇಲಿಂದ ಕೆಳಗೆ ಎಳೆದಳು, ಕೆಳಗಿಂದ ಮೇ‍ಲೆ ಎಳೆದಳು. ಗಂಡ, ಹೆಂಡತಿ, ಮಗ, ಮಗಳು, ಅಣ್ಣತಮ್ಮ, ಅಕ್ಕತಂಗಿ, ಡಾಕ್ಟರು, ಇತರೆ.

"ಮೇಡಂ," ಎಂದಳು ಮೆಲ್ಲಗೆ, "ಇದರಲ್ಲಿ ಅವರೇ ಇಲ್ಲ."

ಬಗ್ಗಿ ನೋಡಿದೆ. ಇರಲಿಲ್ಲ. ಹದಿನೈದು ದಿನ ಕೂತು ನಾನು ಬರೆದ ಪಟ್ಟಿ ಅದು. ಡಾಕ್ಟರು ನೋಡಿದ್ದರು, ಮಾಲೀಕರು ನೋಡಿದ್ದರು, ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಎಷ್ಟು ನಾಚಿಕೆಯಾಯಿತೆಂದರೆ ಆ ಮನುಷ್ಯನ ಮುಖ ನೋಡಲಾಗಲಿಲ್ಲ. ಸಂದೇಶ ಯಾವ ಸೆಕೆಂಡಿಗೆ ಎಲ್ಲಿಗೆ ಹೋಯಿತೆಂದು ಹಿಂಬಾಲಿಸುವುದು ನನಗೆ ಮೂವತ್ತು ವರ್ಷದಿಂದ ಗೊತ್ತಿದ್ದ ವಿದ್ಯೆ. ಅದು ಯಾರದು ಎಂದು ಮೊದಲು ಕೇಳಬೇಕೆಂಬುದನ್ನು ಈ ವೃತ್ತಿ ನನಗೆ ಕಲಿಸಿದ್ದು ಅಲ್ಲಿ, ಆ ಕುರ್ಚಿಯ ಪಕ್ಕದಲ್ಲಿ. ಮುಬೀನಾಳನ್ನು ಎಬ್ಬಿಸಿ ಅವಳ ಜಾಗದಲ್ಲಿ ಕೂತೆ, ಅಲ್ಲಿಂದಲೇ ಶಿವಮೊಗ್ಗದ ಡೇಟಾಬೇಸಿಗೆ ಲಾಗಿನ್ ಆದೆ.

"ಒಂದೆರಡು ನಿಮಿಷ ಕಾಯ್ತೀರಾ ಸೆಲ್ವರಾಜ್ ಅವರೇ?" ಎಂದೆ. "ನಿಮ್ಮನ್ನ ಸೇರಿಸ್ತಿದೀನಿ."

"ಸೇರಿಸಿ, ಸೇರಿಸಿ" ಎಂದರು ಅವರು, ತೋಳು ಮಡಚಿ ಕೈ ಮುಂದೆ ಚಾಚುತ್ತಾ. "ಬದುಕಿದೀನಲ್ಲ, ಕಾಯ್ತೀನಿ."